ಎಂಟುನೂರ ನಲವತ್ತು ಗಂಟು

ತುಳಸವ್ವನ ಕೆಲಸ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲೋ ನಿಮ್ಮನ್ನು ನಗಿಸಿ ಮರೆಸಿಬಿಡುತ್ತೇನೆ. ಆ ಚಟ ನನಗಿದೆ.

ಎಂಬತ್ಮೂರನೆಯ ಇಸವಿ. ಬಿ.ಎ. ಮುಗಿಸಿ ವಿದ್ಯಾಪೀಠದಲ್ಲಿ ದಾಖಲೆ ವ್ಯವಸ್ಥೆಯ ಡಿಪ್ಲೊಮಾ ಓದುತ್ತಿದ್ದೆ. ಹಳೆಯ ಕಾಗದವನ್ನು ಹೇಗೆ ಜೋಡಿಸಬೇಕು, ಹೇಗೆ ಕಾಯಬೇಕು, ಯಾವುದನ್ನು ಎಷ್ಟು ವರ್ಷಕ್ಕೆ ಸುಡಬೇಕು ಎಂದು ಕಲಿಸುವ ಕೋರ್ಸು. ಕೊನೆಯ ಎರಡು ತಿಂಗಳು ಯಾವುದಾದರೂ ಕಚೇರಿಗೆ ಹೋಗಿ ಕೈಯಾರೆ ಕೆಲಸ ಕಲಿಯಬೇಕು. ಅಲ್ಲಿನ ಸಾಹೇಬರು ಒಂದು ಫಾರ್ಮಿನಲ್ಲಿ ಗುಣ ಹಾಕಿ, ‘ಮಾರ್ಗದರ್ಶಕರು’ ಎಂದು ಅಚ್ಚಾದ ಕಡೆ ಸಹಿ ಮಾಡಬೇಕು.

ನನಗೆ ಸಿಕ್ಕಿದ್ದು ಮಿರಜದ ಆಚೆಯ ಒಂದು ಸಹಕಾರಿ ಸಕ್ಕರೆ ಕಾರಖಾನೆ. ಸಹಕಾರಿಯಲ್ಲಿ ‘ಸಹಿ’ ನಮ್ಮ ಸಾಹೇಬರಾದ ಬಾಳಾಸಾಹೇಬರದು, ‘ಕಾರು’ ಚೇರಮನ್ನರದು ಎಂದು ಮೊದಲ ವಾರವೇ ಜೋಕು ಕಟ್ಟಿದ್ದೆ. ಎಲ್ಲರೂ ನಕ್ಕರು. ತುಳಸವ್ವನದು ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ನಾನು ಗಂಗಾರಾಮ. ಮಾಲಗಾಂವದ ಬುದ್ಧವಾಡೆಯವನು, ಅಂದರೆ ದಲಿತರ ಕೇರಿಯವನು. ಅಪ್ಪ ಸತ್ಯಪ್ಪ ಮಿರಜ ಸ್ಟೇಶನ್ನಿನ ಮಾಲುಧಕ್ಕೆಯಲ್ಲಿ ಸರಕು ಹೊರುವ ಹಮಾಲ. ಮನೆಯಲ್ಲಿ ನಾವು ಆಡುವುದು ಕನ್ನಡ. ಆದರೆ ಕಾಲೇಜಿನಲ್ಲಿ ‘ಮಾಲಗಾಂವಕರ’ ಎಂದು ಅಡ್ಡಹೆಸರು ಬರೆಸಿದ್ದೆ. ಕೇಳಿದವರು ತಮಗೆ ಒಪ್ಪುವ ಜಾತಿ ಅಂದುಕೊಳ್ಳಲಿ ಎಂದು. ಪುಣೆಯ ಪ್ರಾಧ್ಯಾಪಕರ ಮರಾಠಿ ನನ್ನ ನಾಲಿಗೆಗೆ ಸಲೀಸು. ಯಾರ ದನಿಯನ್ನಾದರೂ ಅರ್ಧ ತಾಸಿನಲ್ಲಿ ಕಲಿಯುತ್ತಿದ್ದೆ. ಕಾರಖಾನೆಯಲ್ಲಿ ಯಾರೂ ನನ್ನ ಜಾತಿ ಕೇಳಲಿಲ್ಲ. ಅಂಥ ಮರಾಠಿಗೆ ಒಂದೇ ಜಾತಿ ಎಂದು ಅವರೇ ತಿಳಿದುಕೊಂಡಿದ್ದರು.

ಬಾಳಾಸಾಹೇಬರು ದಫ್ತರ ಖೋಲಿಯ ಮುಖ್ಯಸ್ಥರು. ಅಂದರೆ ಹಳೆಯ ಕಾಗದ ಇಡುವ ಕೋಣೆಗೆ ಸಾಹೇಬರು. ಮಿರಜ ಪೇಟೆಯ ಬೆಲ್ಲದ ವ್ಯಾಪಾರಿ ಮನೆತನ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಖೋಲಿಯ ಒಳಗೆ ಕಾಲಿಡುತ್ತಿರಲಿಲ್ಲ. ಧೂಳು ಆಗಿಬರುವುದಿಲ್ಲ ಎನ್ನುತ್ತಿದ್ದರು.

ಒಳಗೆ ಇರುತ್ತಿದ್ದವಳು ತುಳಸವ್ವ.

ಸಲಗರೆಯವಳು. ನಲವತ್ತೈದು ದಾಟಿತ್ತು. ಹಾಜರಿ ಪುಸ್ತಕದಲ್ಲಿ ‘ಕಸಗುಡಿಸುವಾಕೆ, ದಿನಗೂಲಿ’. ಹನ್ನೊಂದು ವರ್ಷದಿಂದ ದಿನಗೂಲಿ. ಕಬ್ಬು ಅರೆಯುವ ಹಂಗಾಮು ಮುಗಿದಾಗ ಬಿಡಿಸುತ್ತಿದ್ದರು, ಮತ್ತೆ ಕರೆಯುತ್ತಿದ್ದರು. ಕಸ ಗುಡಿಸಲು ಅರ್ಧ ತಾಸು. ಉಳಿದ ಹೊತ್ತೆಲ್ಲ ಕಟ್ಟು ಹೊರುವುದು. ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟಿಗೆ ಅಲ್ಲಿ ರುಮಾಲು ಎನ್ನುತ್ತಾರೆ. ಒಂದೊಂದು ರುಮಾಲು ಹತ್ತು ಹದಿನೈದು ಕಿಲೋ. ಅಂಥವು ಎಂಟುನೂರ ನಲವತ್ತು. ಮಳೆಗಾಲ ಮುಗಿದ ಮೇಲೆ ಒಂದೊಂದನ್ನೂ ಬಿಚ್ಚಿ, ಬಿಸಿಲಿಗೆ ಹಾಕಿ, ಗೆದ್ದಲಿನ ಪುಡಿ ಎರಚಿ ಮತ್ತೆ ಕಟ್ಟಬೇಕು. ಪುಡಿಯನ್ನು ಬರಿಗೈಯಲ್ಲೇ ಎರಚುತ್ತಿದ್ದಳು. ಬೆರಳ ತುದಿಯ ಚರ್ಮ ಸುಲಿದು ಹೋಗಿತ್ತು. ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು.

ಆ ಹಂಗಾಮಿನಲ್ಲಿ ಯೂನಿಯನ್ನಿನವರು ಹೋರಾಡಿ ಒಂದು ಪಟ್ಟಿ ಮಾಡಿಸಿದ್ದರು. ಇಪ್ಪತ್ತೆರಡು ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ. ಡಿಸೆಂಬರಿನಲ್ಲಿ ಸಂಚಾಲಕ ಮಂಡಳಿ ಒಪ್ಪಬೇಕು. ಅದರಲ್ಲಿ ಒಂಬತ್ತನೆಯ ಹೆಸರು ತುಳಸವ್ವನದು. ಬಂದವರಿಗೆಲ್ಲ ಹೇಳುತ್ತಿದ್ದಳು: “ಒಂಬತ್ತನೇದ ನಂದ.”

ಮೊದಲ ದಿನ ನನ್ನನ್ನು ಕಂಡು ಸೆರಗಿನಿಂದ ಸ್ಟೂಲು ಒರೆಸಿದಳು.

“ಕುಂದ್ರಿ ತಮ್ಮಾ. ಯಾವೂರ ಆತು ನಿಮ್ದು?”

“ಮಲಾ ಕಾನಡೀ ಯೇತ್ ನಾಹೀ” ಎಂದೆ. ನನಗೆ ಕನ್ನಡ ಬರುವುದಿಲ್ಲ ಎಂದು.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಬರಂ” ಎಂದಳು. ಆಯಿತು ಎಂದು. ಅಲ್ಲಿಂದ ಮುಂದೆ ನನ್ನ ಜೊತೆ ತನ್ನ ಹರಕು ಮರಾಠಿಯಲ್ಲೇ ಮಾತನಾಡಿದಳು. ಪ್ರತಿ ಮಾತಿಗೂ ತಡಕಾಡಿದಳು. ಅದೇ ಮಾತನ್ನು ನಾನು ಅವಳ ಭಾಷೆಯಲ್ಲಿ ಅರ್ಧ ಕ್ಷಣದಲ್ಲಿ ಹೇಳಬಲ್ಲವನಾಗಿದ್ದೆ. ಹೇಳಲಿಲ್ಲ.

ಮೂರನೆಯ ದಿನ ಸಲಗರೆಯಿಂದ ರಾವಸಾಬ ಎಂಬ ರೈತ ಬಂದ. ಅವನ ಅಪ್ಪ ಅರವತ್ತೊಂಬತ್ತರಲ್ಲಿ ಸಭಾಸದ, ಅಂದರೆ ಕಾರಖಾನೆಯ ಸದಸ್ಯ, ಆಗಲು ಕೊಟ್ಟ ಅರ್ಜಿ ಬೇಕಿತ್ತು. ಬಾಳಾಸಾಹೇಬರು ಕುರ್ಚಿಯಿಂದಲೇ ಕೂಗಿದರು. ತುಳಸವ್ವ ಒಳಗೆ ಹೋದಳು. ಖೋಲಿಯಲ್ಲಿ ಒಂದೇ ಬಲ್ಬು, ಅದೂ ಸುಟ್ಟಿತ್ತು. ಕತ್ತಲಲ್ಲಿ ಅವಳ ಕೈ ಗಂಟುಗಳ ಮೇಲೆ ಹರಿದಾಡಿತು. ಒಂದನ್ನು ಎಳೆದಳು. ನಾನು ಬಿಚ್ಚಿ ಓದಿದೆ. ಸಲಗರೆ, ಅರವತ್ತೊಂಬತ್ತು.

“ಹೇಗೆ?” ಎಂದು ಮರಾಠಿಯಲ್ಲಿ ಕೇಳಿದೆ. ಅವಳಿಗೆ ಓದು ಬರುವುದಿಲ್ಲ ಎಂದು ಗೊತ್ತಿತ್ತು.

ಅವಳು ನನ್ನ ಕೈ ಹಿಡಿದು ಗಂಟಿನ ಮೇಲೆ ಇಟ್ಟಳು. ಇಲ್ಲಿಗೆ ಬರುವ ಮೊದಲು ಹದಿನೈದು ವರ್ಷ ಕಬ್ಬು ಕಡಿದವಳು. ಒಂದೇ ಹೊಲದಲ್ಲಿ ಕೂಲಿಯವರ ನಾಲ್ಕು ಗುಂಪು, ನಾಲ್ಕು ಟೋಳಿ, ಕಡಿಯುವಾಗ ಯಾರ ಹೊರೆ ಯಾರದು ಎಂದು ಜಗಳ ಬರಬಾರದಲ್ಲ. ಅದಕ್ಕೆ ಪ್ರತಿ ಟೋಳಿಯೂ ಎಲೆ ಹೊಸೆದು ಹಾಕುವ ಗಂಟು ಬೇರೆ. ಆ ವಿದ್ಯೆಯನ್ನೇ ಇಲ್ಲಿಗೆ ತಂದಿದ್ದಳು. ಎಡಕ್ಕೆ ತಿರುಚಿದ್ದು ಸಲಗರೆ. ಎರಡು ಕಿವಿ ಇದ್ದದ್ದು ಮಾಲಗಾಂವ. ಬಾಲ ಉದ್ದ ಬಿಟ್ಟದ್ದು ಬೇಡಗ. ಒಳಗೆ ಎಷ್ಟು ಸುತ್ತು ಎಂಬುದರ ಮೇಲೆ ವರ್ಷ. ಯಾರಾದರೂ ಓದಿ ಹೇಳಿದ ದಿನ ಗಂಟು ಹಾಕಿಟ್ಟಿದ್ದಳು. ಆಮೇಲೆ ಓದುವವರು ಬೇಕಿರಲಿಲ್ಲ.

ನಾನು ನೋಟ್‌ಬುಕ್ ತೆಗೆದೆ. ವಿದ್ಯಾಪೀಠ ಕೊಟ್ಟ ನಮೂನೆಯಲ್ಲಿ ನಾಲ್ಕು ಕಾಲಮ್ಮು: ಅನುಕ್ರಮ, ವಿಷಯ, ಸಾಲು, ಷರಾ. ಗಂಟಿಗೆ ಕಾಲಮ್ಮು ಇರಲಿಲ್ಲ. ನೋಟ್‌ಬುಕ್ ಮುಚ್ಚಿದೆ.

ಸಂಜೆ ನಾಲ್ಕಕ್ಕೆ ಬಾಳಾಸಾಹೇಬರ ಮೇಜಿನ ಸುತ್ತ ಚಹಾ. ಅಲ್ಲಿ ನಾನು ರಾಜ. “ಮಾಲಗಾಂವಕರ, ಆಜ್ ಕೋಣಾಚಾ ನಂಬರ್?” ಎಂದು ಕೇಳುವರು. ಇವತ್ತು ಯಾರ ಸರದಿ ಎಂದು. ಚೇರಮನ್ನರ ಭಾಷಣ ಮಾಡಿದೆ. ಕಬ್ಬು ತೂಗುವ ವಜನಕಾಟಾದ ಕಾರಕೂನನ ಗೊಗ್ಗರು ದನಿ ಮಾಡಿದೆ. ಎರಡನೆಯ ವಾರಕ್ಕೆ ಸರಕು ಮುಗಿಯಿತು. ಆಗ ತುಳಸವ್ವನನ್ನು ಮಾಡಿದೆ.

ಅವಳ ಕೆಮ್ಮು ಮಾಡಿದೆ. ಗೋಡೆ ಹಿಡಿಯುವುದು ಮಾಡಿದೆ. ಮರಾಠಿ ಮಾತಿನ ಬಾಲಕ್ಕೆ ಕನ್ನಡ ಸಿಕ್ಕಿಸುವುದನ್ನು ಮಾಡಿದೆ. “ಒಂಬತ್ತನೇದ ನಂದ” ಎಂದೆ. ಬಾಳಾಸಾಹೇಬರ ಮೂಗಿನಿಂದ ಚಹಾ ಬಂತು. ಆಗ ಬಾಗಿಲಲ್ಲಿ ತುಳಸವ್ವ ನಿಂತಿದ್ದಳು, ಕಪ್ಪು ಒಯ್ಯಲು ಬಂದವಳು. ನಾನು ನೋಡಿದೆ. ನಿಲ್ಲಿಸಬಹುದಿತ್ತು. ನಗು ಇನ್ನೂ ಏರುತ್ತಿತ್ತು. ಪೂರ್ತಿ ಮಾಡಿ ಮುಗಿಸಿದೆ. ಅವಳು ಕಪ್ಪುಗಳನ್ನು ಎತ್ತಿಕೊಂಡಳು. ನನ್ನ ಕಪ್ಪನ್ನೂ ಎತ್ತಿಕೊಂಡಳು. ತೊಳೆಯಲು ಹೋದಳು.

ನವೆಂಬರ್ ಕೊನೆಗೆ ನಮ್ಮ ಪ್ರಾಧ್ಯಾಪಕರು ತಪಾಸಣೆಗೆ ಬರುತ್ತೇನೆಂದು ಬರೆದರು. ಅದೇ ವಾರ ತುಳಸವ್ವನ ಮಗಳು ಹೆರಿಗೆಗೆ ಮಿರಜದ ಆಸ್ಪತ್ರೆ ಸೇರಿದಳು. ತುಳಸವ್ವ ನಾಲ್ಕು ದಿನ ರಜೆ ಕೇಳಿ ಹೋದಳು.

“ಖೋಲಿ ಮುಂಬಯಿ ಆಫೀಸಿನ ಹಂಗೆ ಕಾಣಬೇಕು” ಎಂದು ಬಾಳಾಸಾಹೇಬರು ಮರಾಠಿಯಲ್ಲಿ ಹೇಳಿದರು. “ನೀನು ಕಲಿತವನು. ಮಾಡು.”

ನನ್ನ ಪಠ್ಯಪುಸ್ತಕದಲ್ಲಿ ಇತ್ತು: ಎಲ್ಲ ಕಟ್ಟುಗಳೂ ಒಂದೇ ಬಟ್ಟೆ, ಒಂದೇ ಅಳತೆ, ಒಂದೇ ಚಪ್ಪಟೆ ಗಂಟು, ಮುಂದೆ ಸಂಖ್ಯೆ. ಗೋದಾಮಿನಿಂದ ಇಬ್ಬರು ಆಳು ಸಿಕ್ಕರು. ಹೊಸ ಕೆಂಪು ಬಟ್ಟೆ ಬಂತು. ಮೂರು ದಿನ. ಎಂಟುನೂರ ನಲವತ್ತು ಗಂಟು ಬಿಚ್ಚಿದೆವು. ಎಂಟುನೂರ ನಲವತ್ತು ಚಪ್ಪಟೆ ಗಂಟು ಹಾಕಿದೆವು. ಸಾಲು ಸಮನಾಗಿ ಕಾಣಲಿ ಎಂದು ದೊಡ್ಡವು ಕೆಳಗೆ, ಸಣ್ಣವು ಮೇಲೆ ಇಟ್ಟೆವು. ಒಂದರಿಂದ ಎಂಟುನೂರ ನಲವತ್ತರವರೆಗೆ ಚೀಟಿ ಅಂಟಿಸಿದೆವು. ಯಾವ ಸಂಖ್ಯೆಯೊಳಗೆ ಏನಿದೆ ಎಂದು ಬರೆಯಲು ಹೊತ್ತು ಸಾಲಲಿಲ್ಲ. ಪ್ರಾಧ್ಯಾಪಕರು ಹೋದ ಮೇಲೆ ಬರೆದರಾಯಿತು ಅಂದುಕೊಂಡೆ.

ಒಂದು ಗಂಟು ಬಿಚ್ಚುವಾಗ ಕೈ ನಿಂತದ್ದು ನಿಜ. ಎರಡು ಕಿವಿಯ ಗಂಟು. ನನ್ನೂರು. ಇದನ್ನು ಬಿಚ್ಚಿದರೆ ಅವಳಿಗೆ ಸಿಗುವುದಿಲ್ಲ ಎಂದು ಆ ಕ್ಷಣಕ್ಕೆ ತಿಳಿದಿತ್ತು. ತಿಳಿಯಲಿಲ್ಲ ಎಂದು ಬರೆದರೆ ಅದು ಸುಳ್ಳು. ತಿಳಿದೇ ಬಿಚ್ಚಿದೆ.

ಪ್ರಾಧ್ಯಾಪಕರು ಬಂದರು. ಬಾಗಿಲಲ್ಲೇ ನಿಂತರು. “ವಾ” ಎಂದರು. ಸಾಂಗ್ಲಿಯಿಂದ ಕರೆಸಿದ ಫೋಟೋದವನು ಒಂದು ಫೋಟೋ ಹೊಡೆದ. ಬಾಳಾಸಾಹೇಬರು ಮಾರ್ಗದರ್ಶಕರ ಜಾಗದಲ್ಲಿ ಸಹಿ ಮಾಡಿದರು. ಎಲ್ಲ ಕಾಲಮ್ಮಿನಲ್ಲೂ ‘ಉತ್ತಮ’.

ಮರುದಿನ ತುಳಸವ್ವ ಬಂದಳು. ಕೈಯಲ್ಲಿ ಪೇಡೆಯ ಪೊಟ್ಟಣ. ಮೊಮ್ಮಗಳು ಹುಟ್ಟಿದ್ದಳು. ಪೇಡೆ ಹಂಚುವ ಮೊದಲೇ ಬಾಳಾಸಾಹೇಬರು ಕೂಗಿದರು. ಸಂಚಾಲಕರ ಚುನಾವಣೆಯ ತಕರಾರು ಸಹಕಾರ ಇಲಾಖೆಯ ಉಪನಿಬಂಧಕರ ಮುಂದೆ ಹೋಗಿತ್ತು. ಮಾಲಗಾಂವದ ಸಭಾಸದರ ಅರವತ್ತೆಂಟರ ಅರ್ಜಿಗಳು ನಾಳೆ ಬೆಳಿಗ್ಗೆ ಸಾಂಗ್ಲಿಯಲ್ಲಿ ಹಾಜರಾಗಬೇಕು.

ತುಳಸವ್ವ ಒಳಗೆ ಹೋದಳು. ನಾನೂ ಹೋದೆ. ಹೊಸ ಬಲ್ಬು ಹಾಕಿಸಿದ್ದೆವು. ಬೆಳಕಿತ್ತು. ಅವಳು ಬೆಳಕಿನ ಕಡೆ ನೋಡಲಿಲ್ಲ. ಕೈ ಚಾಚಿದಳು. ಒಂದು ಗಂಟು ಮುಟ್ಟಿದಳು. ಮುಂದಿನದು ಮುಟ್ಟಿದಳು. ಅದರ ಮುಂದಿನದು. ಬೇಗ ಬೇಗ ಮುಟ್ಟಿದಳು. ಸಾಲಿನ ಆ ತುದಿಗೆ ಹೋಗಿ ತಿರುಗಿ ಬಂದಳು. ಸುಲಿದ ಬೆರಳುಗಳು ಒಂದೇ ಚಪ್ಪಟೆ ಗಂಟನ್ನು ನೂರು ಸಲ ಮುಟ್ಟಿದವು.

“ಯಾರ ಬಿಚ್ಚಿದ್ರು ಇವನ್ನ?” ಎಂದಳು. ಕನ್ನಡದಲ್ಲಿ. ದನಿ ಸಣ್ಣದಿತ್ತು.

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಆ ದಿನವಿಡೀ ಎಲ್ಲರೂ ಹುಡುಕಿದರು. ಇನ್ನೂರು ಕಟ್ಟು ಬಿಚ್ಚಿದರು, ಬಿಚ್ಚಿದ್ದನ್ನು ಒಂದರ ಮೇಲೊಂದು ಎಸೆದರು. ಸಿಗಲಿಲ್ಲ. ಮರುದಿನ ಸಾಂಗ್ಲಿಯಲ್ಲಿ ಕಾರಖಾನೆಯ ವಕೀಲ ಬರಿಗೈಯಲ್ಲಿ ನಿಂತ. ಎಂ.ಡಿ. ಸಾಹೇಬರಿಗೆ ಒಂದು ಹೆಸರು ಬೇಕಾಯಿತು. ಬಾಳಾಸಾಹೇಬರು ಕೊಟ್ಟರು.

ಮಧ್ಯಾಹ್ನ ಅವಳನ್ನು ಮೇಜಿನ ಮುಂದೆ ನಿಲ್ಲಿಸಿದರು. ಆರು ಮಂದಿ ಕಾರಕೂನರು ಇದ್ದರು. ನಾನು ಕುರ್ಚಿಯಲ್ಲಿ ಕೂತಿದ್ದೆ. ಟೈಪು ಮಾಡಿದ ಕಾಗದವನ್ನು ಬಾಳಾಸಾಹೇಬರು ಮರಾಠಿಯಲ್ಲಿ ಓದಿದರು: ನನ್ನ ಹಲಗರ್ಜಿಯಿಂದ, ನಿರ್ಲಕ್ಷ್ಯದಿಂದ, ಮಾಲಗಾಂವದ ಕಟ್ಟು ಕಳೆದಿದೆ, ತಪ್ಪು ಒಪ್ಪಿದ್ದೇನೆ. ಇಂಕಿನ ಪ್ಯಾಡು ಮುಂದೆ ತಳ್ಳಿದರು.

“ನಾ ಕಳದಿಲ್ಲರಿ ಸಾಹೇಬ್ರ” ಎಂದಳು.

“ಹೆಬ್ಬಟ್ಟ ಹಚ್ಚು.”

“ಗಂಟ ಬಿಚ್ಚಿದವರನ್ನ ಕೇಳ್ರಿ.”

ಬಾಳಾಸಾಹೇಬರು ಕನ್ನಡಕ್ಕೆ ಇಳಿದಿದ್ದರು. ಬೈಯುವುದಕ್ಕೆ ಮಾತ್ರ ಅವರಿಗೆ ಮನೆಯ ಮಾತು ಬೇಕಾಗುತ್ತಿತ್ತು. “ಕಸಾ ಬಳಿಯಾಕಿ, ನನಗ ಹೇಳಾಕ ಬರ್ತಿ? ಹನ್ನೊಂದ ವರ್ಷ ಅನ್ನ ಹಾಕೇವಿ. ಹಚ್ಚಿದ್ರ ದಿನಗೂಲಿಲೆ ಇರ್ತಿ. ಇಲ್ಲಂದ್ರ ಅದೂ ಇಲ್ಲ. ಪಟ್ಟಿ ಅಂತೂ ಮರತ ಬಿಡು.”

ಅವರು ಅವಳ ಮಣಿಕಟ್ಟು ಹಿಡಿದು ಪ್ಯಾಡಿನ ಕಡೆ ಎಳೆದರು. ಅವಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಅವರು ಬೆರಳು ಬಿಡಿಸಲು ನೋಡಿದರು. ಹದಿನೈದು ಕಿಲೋ ಎತ್ತುವ ಕೈ. ಬಿಡಲಿಲ್ಲ. ಪ್ಯಾಡು ಉರುಳಿ ಬಾಳಾಸಾಹೇಬರ ತೋಳಿಗೆ ಇಂಕು ಬಡಿಯಿತು.

“ಈ ಬೆರಳ ನಂದ ಐತ್ರಿ” ಎಂದಳು. “ಕಬ್ಬ ಕಡದದ್ದ ಇದರಿಂದ. ನಿಮ್ಮ ಕಾಗದ ಕಾದದ್ದ ಇದರಿಂದ. ಸುಳ್ಳಿಗೆ ಹಚ್ಚಂಗಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದಳು. ತಡಕಾಡುತ್ತ ಮರಾಠಿಯಲ್ಲಿ ಕೇಳಿದಳು: ತಮ್ಮಾ, ನೀವು ಹೇಳಿ, ನಾನು ಕಳೆದೆನೇ?

ಆರು ಮಂದಿ ನನ್ನನ್ನು ನೋಡಿದರು. ಸಹಿಯಾದ ನನ್ನ ಫಾರ್ಮು ಇನ್ನೂ ಬಾಳಾಸಾಹೇಬರ ಮೇಜಿನ ಖಾನೆಯಲ್ಲೇ ಇತ್ತು.

“ಮಲಾ ಕಾಹೀ ಮಾಹೀತ್ ನಾಹೀ” ಎಂದೆ. ನನಗೇನೂ ಗೊತ್ತಿಲ್ಲ ಎಂದು. ಪುಣೆಯ ಮರಾಠಿ. ಒಂದು ಅಕ್ಷರವೂ ತಪ್ಪಲಿಲ್ಲ.

ಅವಳು ಹಂಚದೆ ಉಳಿದಿದ್ದ ಪೇಡೆಯ ಪೊಟ್ಟಣ ತೆಗೆದುಕೊಂಡು ಹೋದಳು.

ಡಿಸೆಂಬರಿನಲ್ಲಿ ಪಟ್ಟಿ ಹೊರಬಿತ್ತು. ಇಪ್ಪತ್ತೆರಡು ಹೆಸರು. ಒಂಬತ್ತನೆಯದು ಬೇರೆ ಯಾರದೋ. ನಾನು ಮಾಲಗಾಂವಕ್ಕೆ ಹೋಗಿ ವರದಿ ಬರೆಯಲು ಕೂತೆ. ‘ನಾನು ಕಲಿತದ್ದು’ ಎಂಬ ಕೊನೆಯ ಅಧ್ಯಾಯ. ಎರಡು ದಿನ ಕೂತರೂ ಒಂದು ಸಾಲು ಬರಲಿಲ್ಲ. ನಮ್ಮ ಅವ್ವ ಬಾಗಿಲಲ್ಲಿ ನಿಂತು ಹೇಳಿದಳು: “ಪಾಟೀಲರ ಹೊಲಕ್ಕ ಸಲಗರಿ ಟೋಳಿ ಬಂದೈತಿ. ಮೊದಲ ನಮ್ಮೂರಾಗ ಕಡೀತಿದ್ದ ತುಳಸವ್ವನೂ ಬಂದಾಳ. ಪಾಪ, ಕಾರಖಾನ್ಯಾಗ ಯಾವನೋ ಹಾಟ್ಯಾ ಆಕಿ ಕೆಲಸ ಕಳದನಂತ.”

ಆ ಹಾಟ್ಯಾ ನಾನೇ ಎಂದು ಅವ್ವನಿಗೆ ಗೊತ್ತಿರಲಿಲ್ಲ. ಹೊಲಕ್ಕೆ ನಡೆದೆ.

ತುಳಸವ್ವ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ಕಬ್ಬು ಕಡಿಯುತ್ತಿದ್ದಳು. ಕೆಮ್ಮಿದಾಗ ಹಿಡಿಯಲು ಅಲ್ಲಿ ಗೋಡೆ ಇರಲಿಲ್ಲ. ಕಬ್ಬು ಕಡಿಯುವ ಕತ್ತಿ, ಕೊಯಿತಾ, ಊರಿ ನಿಲ್ಲುತ್ತಿದ್ದಳು.

“ಮಾವಶಿ” ಎಂದೆ, ಚಿಕ್ಕವ್ವ ಎಂದು. “ನಾ ಗಂಗಾರಾಮ. ಸತ್ಯಪ್ಪನ ಮಗ.”

“ಗೊತ್ತೈತಿ” ಎಂದಳು. ಕಡಿಯುವುದನ್ನು ನಿಲ್ಲಿಸಲಿಲ್ಲ. “ಮೊದಲ ದಿನಾನ ಗೊತ್ತಾತು. ನಿಮ್ಮಪ್ಪನ ಗತೆನ ಒಂದ ಹೆಗಲ ವಾರಿ ಮಾಡಿ ನಡೀತಿ.”

“ಮತ್ತ ಯಾಕ ಹೇಳಲಿಲ್ಲ? ಅವತ್ತ ಅವರ ಮುಂದ ಒಂದ ಮಾತ ಅಂದಿದ್ರ...”

“ಅಂದಿದ್ರ ನಿನ್ನ ಕುರ್ಚಿ ಮ್ಯಾಲ ಕುಂದ್ರಸ್ತಿದ್ರೇನು? ನಮ್ಮ ಪೈಕಿ ಒಬ್ಬಾಂವ ಕುಂತಾನ, ಕುಂದ್ರಲಿ ಅಂತ ಬಿಟ್ಟೆ.”

ನಿಂತ ನೆಲ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಎಲ್ಲ ಹೇಳಿದೆ. ನಾನೇ ಬಿಚ್ಚಿದ್ದು. ತಿಳಿದೂ ಬಿಚ್ಚಿದ್ದು. ಕೇಳಿದಾಗ ಹೇಳದೆ ಇದ್ದದ್ದು. ಅವಳ ಕೆಮ್ಮನ್ನು ಮಾಡಿ ತೋರಿಸಿದ್ದು. ಹೇಳುವಾಗ ಅಳು ಬಂತು.

ಅವಳು ಕೊಯಿತಾ ಕೆಳಗಿಟ್ಟಳು.

“ಇಲ್ಲಿ ಯಾಕ ಹೇಳ್ತಿ? ಇಲ್ಲಿ ಕಬ್ಬ ಐತಿ. ಕಬ್ಬಿನ ಮುಂದ ಯಾರ ಬೇಕಾದ್ರೂ ಖರೇ ಹೇಳ್ತಾರ. ಅಲ್ಲಿ ಆರ ಮಂದಿ ಇದ್ರು.”

“ಅಲ್ಲಿ ಹೋಗಿ ಹೇಳ್ತೇನಿ.”

“ಬಾಯಿಲೆ ಹೇಳಿದ್ದ ದಫ್ತರದಾಗ ಉಳ್ಯಂಗಿಲ್ಲ. ಇಷ್ಟ ಓದಿ, ಅಷ್ಟೂ ಗೊತ್ತಿಲ್ಲ? ಬರದ ಕೊಡು. ಎರಡ ಪ್ರತಿ ಮಾಡು. ಒಂದರ ಮ್ಯಾಲ ಅವರ ಶಿಕ್ಕಾ ಹೊಡಿಸ್ಕೊಂಡ ಬಾ. ಕಾಡಪ್ಪ ಕೋರ್ಟಿಗೆ ಹಾಕ್ತೇನಿ ಅಂದಾನ.”

ಕಾಡಪ್ಪ ಯೂನಿಯನ್ನಿನ ಸೆಕ್ರೆಟರಿ. ಅವನ ಕೈಯಲ್ಲಿ ಮೊಹರು ಬಿದ್ದ ಒಂದು ಕಾಗದವೂ ಇಲ್ಲದೆ ಅವಳ ಪ್ರಕರಣ ನಿಂತಿತ್ತು. ಎರಡು ತಿಂಗಳಲ್ಲಿ ನನಗೆ ಸಿಕ್ಕ ಮಾರ್ಗದರ್ಶನ ಇದೊಂದೇ. ಕೊಟ್ಟವಳು ಕಬ್ಬಿನ ಸಾಲಿನಲ್ಲಿ ನಿಂತಿದ್ದಳು.

ಮರುದಿನ ನಾಲ್ಕಕ್ಕೆ ಹೋದೆ. ಚಹಾದ ಹೊತ್ತು. ಆರು ಮಂದಿಯೂ ಇದ್ದರು. “ಅರೇ ಮಾಲಗಾಂವಕರ” ಎಂದು ಕುರ್ಚಿ ಎಳೆದರು. ಕೂರಲಿಲ್ಲ. ಎರಡು ಪ್ರತಿ ಮೇಜಿನ ಮೇಲಿಟ್ಟೆ. ಕನ್ನಡದಲ್ಲಿ ಹೇಳಿದೆ. ಅದು ನನ್ನ ದನಿ.

“ಸಾಹೇಬ್ರ, ತುಳಸವ್ವ ಏನೂ ಕಳದಿಲ್ಲರಿ. ಗಂಟ ಬಿಚ್ಚಿದಾಂವ ನಾನು.”

ಎಲ್ಲರೂ ಒಟ್ಟಿಗೆ ನಕ್ಕರು. ಬಾಳಾಸಾಹೇಬರು ತೊಡೆ ತಟ್ಟಿ ನಕ್ಕರು. “ಕ್ಯಾ ಬಾತ್” ಎಂದರು. “ಥೇಟ್ ಹಮಾಲರ ದನಿ. ಕನ್ನಡ ಯಾವಾಗ ಕಲಿತಿಯೋ?”

ನನ್ನ ಹೊಸ ನಕಲು ಎಂದು ತಿಳಿದಿದ್ದರು.

“ಇದು ನಕಲಿ ಅಲ್ಲರಿ. ನಾ ಮಾಲಗಾಂವ ಬುದ್ಧವಾಡೇದ ಸತ್ಯಪ್ಪ ಹಮಾಲನ ಮಗ. ಇದ ನನ್ನ ದನಿ.”

ಇನ್ನೂ ನಕ್ಕರು. ಮತ್ತೆ ಹೇಳಿದೆ. ಮೂರನೆಯ ಸಲ ಹೇಳಿದಾಗ ಒಬ್ಬೊಬ್ಬರ ನಗು ನಿಂತಿತು. ಬಾಳಾಸಾಹೇಬರದು ಕೊನೆಗೆ ನಿಂತಿತು. ಅವರು ಮೇಜಿನ ಅಂಚಿನಲ್ಲಿ ನನ್ನ ಕೈಯ ಬಳಿ ಇದ್ದ ತಮ್ಮ ಚಹಾದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕಾಗದ ಮುಟ್ಟಲಿಲ್ಲ.

“ತೊಗೊಂಡ ಹೋಗು” ಎಂದರು.

“ಇಲ್ಲರಿ. ಆವಕಕ್ಕ ಕೊಡ್ತೇನಿ.”

ಬಂದ ಕಾಗದ ದಾಖಲು ಮಾಡುವವನು ಪಾರಿಸ. ಅವನ ಕಿಟಕಿಯ ಮುಂದೆ ಐದೂವರೆವರೆಗೆ ನಿಂತೆ. ಸಾಹೇಬರನ್ನು ಕೇಳಿ ಬರುತ್ತೇನೆ ಎಂದ. ನಾಳೆ ಬಾ ಎಂದ. ಹೋಗಲಿಲ್ಲ. ಕಚೇರಿ ಮುಚ್ಚುವಾಗ ತಲೆ ಎತ್ತದೆ ಶಿಕ್ಕಾ ಹೊಡೆದ. ನಂಬರು ಬರೆದ. ಅದೇ ಕಾಗದವನ್ನು ನನ್ನ ವರದಿಯ ಕೊನೆಯ ಅಧ್ಯಾಯವಾಗಿ ವಿದ್ಯಾಪೀಠಕ್ಕೂ ಕೊಟ್ಟೆ. ಆ ಪುಟ ತೆಗೆದು ತಾ ಎಂದು ಪ್ರಾಧ್ಯಾಪಕರು ಆಮೇಲೆ ಎರಡು ಸಲ ಬರೆದರು. ತೆಗೆಯಲಿಲ್ಲ. ಡಿಪ್ಲೊಮಾ ಬರಲಿಲ್ಲ. ಅದನ್ನು ತ್ಯಾಗ ಎಂದು ಕರೆದುಕೊಳ್ಳುವ ಮುಖ ನನಗಿಲ್ಲ.

ಶಿಕ್ಕಾ ಬಿದ್ದ ಪ್ರತಿ ಹಿಡಿದು ಬೆಳಿಗ್ಗೆ ಹೊಲಕ್ಕೆ ಹೋದೆ. ಟ್ರಕ್ಕು ತುಂಬುತ್ತಿದ್ದರು. ತುಳಸವ್ವ ತಲೆಯ ಮೇಲೆ ಹೊರೆ ಹೊತ್ತು ಹಲಗೆ ಹತ್ತಿ ಟ್ರಕ್ಕಿಗೆ ಒಗೆದು ಇಳಿಯುತ್ತಿದ್ದಳು. ಕಾಗದ ತೆಗೆದುಕೊಂಡು ಶಿಕ್ಕಾದ ಮೇಲೆ ಬೆರಳಾಡಿಸಿದಳು.

“ಎಷ್ಟ ಮಂದಿ ಇದ್ರು?”

“ಆರೂ ಮಂದಿ ಇದ್ರು.”

“ಏನಂದ್ರು?”

“ನಕ್ಕರು. ನಕಲಿ ಮಾಡಾಕ ಹತ್ತೇನಿ ಅಂತ ತಿಳದ್ರು.”

“ನೀ ನಕ್ಕೇನು?”

ಇಲ್ಲ ಎಂದು ಬಾಯಿಗೆ ಬಂತು. ಅವಳು ನೋಡುತ್ತಿದ್ದಳು.

“ಒಂದ ಸಲ” ಎಂದೆ. “ಎಲ್ಲಾರೂ ನಕ್ಕಾಗ ನಂಗೂ ಬಂತು. ಬಾಯಿ ತಾನ ನಕ್ಕತು.”

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯೊಳಗೆ ತುರುಕಿದಳು.

“ಕಾಡಪ್ಪಗ ನಾ ಮುಟ್ಟಸ್ತೇನಿ ಮಾವಶಿ” ಎಂದೆ. “ಇವತ್ತ ಮಿರಜಿಗೇ ಹೊಂಟೇನಿ.”

“ಬ್ಯಾಡ. ನಾನ ಕೊಡ್ತೇನಿ.”

“ಆರ ಮೈಲಿ ನಡದ ಹೋಗ್ತೀರೇನು?”

“ಹೋಗ್ತೇನಿ. ಇದ ನಿನ್ನ ಕೈಯಾಗ ಬ್ಯಾಡ.”

ಬಗ್ಗಿ ಇನ್ನೊಂದು ಹೊರೆ ತಲೆಗೆ ಏರಿಸಿದಳು. ನಾನು ಹಲಗೆಯ ಬುಡದಲ್ಲಿ ನಿಂತಿದ್ದೆ.

“ದಾರಿ ಬಿಡು” ಎಂದಳು.

ಬಿಟ್ಟೆ.